ಎರ್ರಗುಂಟೆಗೆ ಬಂದ ರಂಗೂನಿನ ಪಟ

ಚನ್ನಮಲ್ಲಯ್ಯನವರನ್ನು ಯಾರೂ ಮದುವೆಗೆ ಕರೆಯುತ್ತಿರಲಿಲ್ಲ. ಹೆಣ್ಣು ನೋಡಲು ಹೊರಟವರಿಗೆ ಅವರು ಎದುರಾದರೆ, ಹೊರಟವರು ಮನೆಗೆ ಹಿಂದಿರುಗಿ, ಜಗಲಿಯ ಮೇಲೆ ಒಂದು ಗಳಿಗೆ ಕೂತು, ನೀರು ಕುಡಿದು ಮತ್ತೆ ಹೊರಡುತ್ತಿದ್ದರು. ಮನುಷ್ಯ ಕೆಟ್ಟವರೇನಲ್ಲ. ಜಂಗಮರ ಮನೆಯಲ್ಲಿ ಹುಟ್ಟಿದವರು, ಹಣೆತುಂಬ ವಿಭೂತಿ, ಮೆಲುಮಾತು. ಅವರ ಕಸುಬು ಹಾಗಿತ್ತು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಸುತ್ತಿನಲ್ಲಿ ಯಾರಾದರೂ ಉಳ್ಳವರು ಸತ್ತರೆ ಹೆಣದ ಫೋಟೋ ತೆಗೆಯಲು ಅವರಿಗೇ ಕರೆ ಬರುತ್ತಿತ್ತು.

ಅವರ ಊರು ಕೊಡಿಗೇನಹಳ್ಳಿ. ತಂದೆ ನಾಗಲಿಂಗಯ್ಯ ಅಲ್ಲಿ ಕೂಲಿಮಠ ನಡೆಸುತ್ತಿದ್ದರು. ಮಗನೂ ತಮ್ಮಂತೆ ಮಕ್ಕಳಿಗೆ ಮರಳಿನ ಮೇಲೆ ಅಕ್ಷರ ತಿದ್ದಿಸಿಕೊಂಡು ಇರಲಿ ಎಂದು ಅವರ ಆಸೆ. ಆದರೆ ತಾಲ್ಲೂಕು ಕಚೇರಿಯವರ ಗುಂಪು ಫೋಟೋ ತೆಗೆಯಲು ತುಮಕೂರಿನಿಂದ ಬಂದಿದ್ದ ಗಂಗಹನುಮಯ್ಯ ಎಂಬ ಫೋಟೋಗ್ರಾಫರರ ಹಿಂದೆ ಹದಿನೆಂಟರ ವಯಸ್ಸಿನಲ್ಲಿ ಹೊರಟುಹೋದ ಚನ್ನಮಲ್ಲಯ್ಯ ಮತ್ತೆ ಮಠದ ಕಡೆ ಮುಖ ಹಾಕಲಿಲ್ಲ. ಆರು ವರ್ಷ ಕೆಲಸ ಕಲಿತರು. ಕಣ್ಣು ಮಂಜಾದ ಮೇಲೆ ಗಂಗಹನುಮಯ್ಯ ತಮ್ಮ ಮರದ ಕ್ಯಾಮೆರಾವನ್ನು ಶಿಷ್ಯನಿಗೇ ಕೊಟ್ಟರು. ಅದನ್ನು ತಂದು ಮಧುಗಿರಿ ಪೇಟೆಯಲ್ಲಿ ಒಂದು ಕೋಣೆ ಹಿಡಿದು ಬೋರ್ಡು ತೂಗಿಹಾಕಿದರು.

ಒಬ್ಬರೂ ಬರಲಿಲ್ಲ. ಪಟ ತೆಗೆಸಿದರೆ ಆಯುಸ್ಸು ಕಡಿಮೆಯಾಗುತ್ತದೆ ಎಂದು ಜನ ನಂಬಿದ್ದ ಕಾಲ. ನಾಲ್ಕು ತಿಂಗಳಾದ ಮೇಲೆ ಶಿರಾದಿಂದ ಒಂದು ಗಾಡಿ ಬಂದು ಬಾಗಿಲಲ್ಲಿ ನಿಂತಿತು. ಅಲ್ಲಿನ ವರ್ತಕರೊಬ್ಬರು ತೀರಿಹೋಗಿದ್ದರು. ವೀರಶೈವರ ಪದ್ಧತಿಯಂತೆ ಹೆಣವನ್ನು ಕೂರಿಸಿ, ವಿಭೂತಿ ಹಚ್ಚಿ, ಹೂವಿನಿಂದ ಸಿಂಗರಿಸಿದ್ದರು. ಹೇಗೂ ಹೋದ ಜೀವ, ಇನ್ನು ಆಯುಸ್ಸಿನ ಭಯವೇನು? ಮಕ್ಕಳು ಅಪ್ಪನ ಮುಖವೊಂದನ್ನು ಉಳಿಸಿಕೊಳ್ಳಬೇಕು ಎಂದಿದ್ದರು. ಚನ್ನಮಲ್ಲಯ್ಯ ಜಾರಿದ್ದ ಗದ್ದವನ್ನು ಎರಡು ಬೆರಳಿನಲ್ಲಿ ಎತ್ತಿ ಸರಿಮಾಡಿ, ಕರಿಬಟ್ಟೆಯೊಳಗೆ ತಲೆಯಿಟ್ಟು, ಪಟ ತೆಗೆದರು. ಒಳ್ಳೆಯ ಪಟವಾಯಿತು. ಆಮೇಲೆ ಮದಲೂರಿನಿಂದ ಕರೆ ಬಂತು, ಬುಕ್ಕಾಪಟ್ಟಣದಿಂದ ಬಂತು. ಎರಡು ವರ್ಷ ಕಳೆಯುವಷ್ಟರಲ್ಲಿ ಅವರ ಹೆಸರು ಹೆಣದ ಪಟದಯ್ಯ ಎಂದಾಯಿತು.

ಮನೆಯಲ್ಲಿ ಹೆಂಡತಿ ಬಸವಮ್ಮ ಇದ್ದಷ್ಟು ದಿನ ಇದು ಅವರನ್ನು ಅಷ್ಟಾಗಿ ಬಾಧಿಸಲಿಲ್ಲ. ಆಕೆ ಪಟ ಮೂಡುವ ಗಾಜಿನ ಪ್ಲೇಟುಗಳನ್ನು ತೊಳೆದು ಒಣಗಿಸುತ್ತಿದ್ದಳು, ಕೇರಿಯವರ ಮಾತಿಗೆ ನಗುತ್ತಿದ್ದಳು. "ನಂದೂ ಒಂದ್ ಪಟ ತೆಗೀರಿ, ನಾನೇನು ಹೆದರಾಕಿಲ್ಲ" ಎಂದು ಎಷ್ಟೋ ಸಲ ಕೇಳಿದ್ದಳು. ಚನ್ನಮಲ್ಲಯ್ಯ ಬೆಳಕು ಸರಿಯಿಲ್ಲ, ಪ್ಲೇಟಿಲ್ಲ ಎಂದು ಮುಂದೂಡುತ್ತ ಬಂದರು. ಹೆದರುತ್ತಿದ್ದವರು ಅವರೇ. ಸಾವಿನ ಮುಖಗಳನ್ನೇ ನೋಡಿದ ಕ್ಯಾಮೆರಾದ ಕಣ್ಣಿನ ಮುಂದೆ ಹೆಂಡತಿಯನ್ನು ನಿಲ್ಲಿಸಲು ಅವರಿಗೆ ಮನಸ್ಸು ಬರಲಿಲ್ಲ. ಸಾವಿರದ ಒಂಬೈನೂರ ಹದಿನೆಂಟರ ಇನ್‌ಫ್ಲುಯೆಂಜಾ ಜ್ವರದಲ್ಲಿ ಇಬ್ಬರೂ ಒಟ್ಟಿಗೆ ಮಲಗಿದರು. ಹತ್ತು ದಿನದ ಮೇಲೆ ಚನ್ನಮಲ್ಲಯ್ಯನವರಿಗೆ ಪ್ರಜ್ಞೆ ತಿಳಿಯಾದಾಗ, ಪಕ್ಕದ ಮನೆಯ ಅಡವಯ್ಯ ಗಂಜಿ ಕುಡಿಸುತ್ತಿದ್ದ. ಬಸವಮ್ಮನ ಮಣ್ಣಾಗಿ ಐದು ದಿನವಾಗಿತ್ತು. ಊರಿನವರ ಮನೆಮನೆಯಲ್ಲೂ ಅವರು ತೆಗೆದ ಪಟವಿತ್ತು, ತಮ್ಮ ಮನೆಯ ಗೋಡೆ ಮಾತ್ರ ಬರಿದಾಗಿತ್ತು.

ಅಲ್ಲಿಂದ ಮುಂದೆ ಮಾತು ಕಡಿಮೆಯಾಯಿತು. ಕರೆ ಬಂದರೆ ಹೋಗುವುದು, ಪಟ ತೆಗೆಯುವುದು, ಬಂದು ಸ್ನಾನ ಮಾಡಿ ಲಿಂಗಪೂಜೆ ಮಾಡಿ ಒಲೆ ಹಚ್ಚುವುದು. ಹೀಗೆ ಆರು ವರ್ಷ. ಅವರು ಪ್ಲೇಟು, ಕಾಗದ ತರಿಸುತ್ತಿದ್ದುದು ಬೆಂಗಳೂರು ದಂಡಿನ ಒಂದು ಸ್ಟುಡಿಯೋದಿಂದ. ಆ ಸ್ಟುಡಿಯೋದವರು ರಂಗೂನಿನಲ್ಲಿ ಶಾಖೆ ತೆರೆದಾಗ, ಕತ್ತಲಕೋಣೆಯಲ್ಲಿ ಚೊಕ್ಕಟವಾಗಿ ಕೆಲಸ ಮಾಡುವವರು ಬೇಕಾಗಿ ಇವರನ್ನು ಕೇಳಿದರು. ಬೇಡ ಎನ್ನಲು ಚನ್ನಮಲ್ಲಯ್ಯನವರಿಗೆ ಕಾರಣ ಹೊಳೆಯಲಿಲ್ಲ. ಕೋಣೆಗೆ ಬೀಗ ಹಾಕಿ, ಬೀಗದ ಕೈಯನ್ನು ಅಡವಯ್ಯನಿಗೆ ಕೊಟ್ಟು, ಮದರಾಸಿಗೆ ಹೋಗಿ ಹಡಗು ಹತ್ತಿದರು.

ರಂಗೂನಿನಲ್ಲಿ ಅವರು ಇನ್ನೂ ಒಂಟಿಯಾದರು. ಸ್ಟುಡಿಯೋದಲ್ಲಿದ್ದವರು ತಮಿಳರು, ಚೀನಿಯರು. ಮೇಲಿನವನು ಒಬ್ಬ ಬಿಳಿ ದೊರೆ. ಹಗಲೆಲ್ಲ ಕೆಂಪು ದೀಪದ ಕೋಣೆಯಲ್ಲಿ ಯಾರು ಯಾರದೋ ಮುಖಗಳನ್ನು ನೀರಿನಲ್ಲಿ ತೊಳೆಯುವ ಕೆಲಸ. ಕನ್ನಡದ ಒಂದು ಶಬ್ದ ಕಿವಿಗೆ ಬೀಳದೆ ವರ್ಷ ತುಂಬುತ್ತ ಬಂತು. ಕೆಲವು ದಿನ ಅನ್ನ ಬಸಿಯುವಾಗ ತಮಗೆ ತಾವೇ "ಉಪ್ಪು ಹಾಕಿದೆನೋ ಇಲ್ಲವೋ" ಎಂದು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದರು. ಸ್ವಂತ ದನಿ ಕೇಳಿ ಬೆಚ್ಚುತ್ತಿದ್ದರು.

ಫಾಲ್ಗುಣದ ಹುಣ್ಣಿಮೆ ಬಂತು. ಬರ್ಮಾದವರಿಗೆ ಅದು ದೊಡ್ಡ ಹಬ್ಬ. ಊರ ನಡುವಿನ ಗುಡ್ಡದ ಮೇಲಿರುವ ಚಿನ್ನದ ಪಗೋಡದ ಚಿತ್ರ, ತುಂಬಿದ ಜನಸಂದಣಿಯೊಂದಿಗೆ, ಒಂದು ಕ್ಯಾಲೆಂಡರಿಗೆ ಬೇಕಾಗಿತ್ತು. ಅಲ್ಲಿ ಬುದ್ಧನ ಮುಂದೆ ಯಾರೇ ಆದರೂ ಬರಿಗಾಲಿನಲ್ಲೇ ಹೋಗಬೇಕು. ದೊರೆಗೆ ಬೂಟು ಕಳಚಲು ಅವಮಾನ. ಹೀಗಾಗಿ ಹುಟ್ಟಿನಿಂದ ಬರಿಗಾಲಿನಲ್ಲೇ ನಡೆದ ಚನ್ನಮಲ್ಲಯ್ಯನವರ ಪಾಲಿಗೆ ಆ ಕೆಲಸ ಬಂತು. ಹನ್ನೆರಡು ಪ್ಲೇಟು ಕೊಟ್ಟು ಕಳಿಸಿದರು.

ಮಾಡು ಹೊದಿಸಿದ ಉದ್ದನೆಯ ಮೆಟ್ಟಿಲಸಾಲು, ಎರಡೂ ಕಡೆ ಹೂವು, ಮೇಣದ ಬತ್ತಿ, ಕಾಗದದ ಕೊಡೆ ಮಾರುವವರು. ಮೇಲೆ ಹತ್ತಿ ಅಂಗಳಕ್ಕೆ ಬಂದರೆ ಕಣ್ಣು ಕೋರೈಸಿತು. ನಡುವೆ ಬೆಟ್ಟದಂತೆ ಎದ್ದ ಚಿನ್ನದ ಗೋಪುರ. ಅದರ ಸುತ್ತ ಒಂದಕ್ಕೊಂದು ಒತ್ತಿಕೊಂಡು ನಿಂತ ನೂರಾರು ಮಂಟಪಗಳು. ಮೇಲೆ ಮೇಲೆ ಏರುವ ಮರದ ಚಾವಣಿಗಳಲ್ಲಿ ಬಳ್ಳಿ, ಹಕ್ಕಿ, ಆನೆ, ದೇವತೆಗಳ ಕೆತ್ತನೆ. ಕಂಬಗಳಿಗೆಲ್ಲ ಬಣ್ಣಬಣ್ಣದ ಗಾಜಿನ ಚೂರು. ಶಿರಾದ ಹಳೆಯ ದರ್ಗಾದ ಕಲ್ಲುಕೆತ್ತನೆಯೇ ಅವರು ಕಂಡ ದೊಡ್ಡ ಕುಸುರಿ. ಇಲ್ಲಿ ಎಲ್ಲಿ ನೋಡುವುದೆಂದೇ ತಿಳಿಯಲಿಲ್ಲ. ಒಂದು ಮಂಟಪದೊಳಗೆ ಬಗ್ಗಿ ನೋಡಿದರು. ಹೂವಿನ ನಡುವೆ, ಚಕ್ಕಳಮಕ್ಕಳ ಹಾಕಿ, ಅರೆಮುಚ್ಚಿದ ಕಣ್ಣಿನಿಂದ ಕುಳಿತ ಬುದ್ಧ. ಹದಿನಾಲ್ಕು ವರ್ಷದಿಂದ ಅವರು ಎದುರಿಗೆ ನಿಂತು ನೋಡಿದ ಕೂರುವಿಕೆ ಅದು. ಆದರೆ ಇವನ ಮುಂದೆ ಯಾರೂ ಅಳುತ್ತಿರಲಿಲ್ಲ. ಹೆಂಗಸರು ಮಕ್ಕಳಿಗೆ ಬುತ್ತಿ ಬಿಚ್ಚಿ ಉಣ್ಣಿಸುತ್ತ ನಗುತ್ತಿದ್ದರು.

ಕ್ಯಾಮೆರಾ ನಿಲ್ಲಿಸಿದರು. ಅವರ ಕ್ಯಾಮೆರಾಕ್ಕೆ ಅದುವರೆಗೆ ಅಲುಗಾಡುವ ಜನ ಸಿಕ್ಕಿರಲಿಲ್ಲ. ಇಲ್ಲಿ ಸಾವಿರಾರು ಜನ, ರೇಷ್ಮೆ ಬಟ್ಟೆ ಉಟ್ಟು, ತಲೆಗೆ ಹೂವು ಮುಡಿದು, ಒಂದು ಕ್ಷಣ ನಿಲ್ಲದೆ ಹರಿಯುತ್ತಿದ್ದರು. ಒಂದು ಪ್ಲೇಟು, ಎರಡು, ನಾಲ್ಕು. ಎಲ್ಲ ಮಸುಕಾಗಿರುತ್ತದೆಂದು ಅವರಿಗೇ ಗೊತ್ತಾಗುತ್ತಿತ್ತು. ಮೆಟ್ಟಿಲ ಮೇಲೆ ಕೂತಿದ್ದ ಒಬ್ಬ ಬರ್ಮಾದ ಮುದುಕಿ ಮುಖ ತಗ್ಗಿಸಿದ್ದಳು. ಚನ್ನಮಲ್ಲಯ್ಯ ಹಳೆಯ ಅಭ್ಯಾಸದಿಂದ ಮುಂದೆ ಹೋಗಿ ಎರಡು ಬೆರಳಿನಿಂದ ಆಕೆಯ ಗದ್ದ ಎತ್ತಿದರು. ಆ ಗದ್ದ ಬೆಚ್ಚಗಿತ್ತು. ಅವರು ಬೆಂಕಿ ಮುಟ್ಟಿದವರಂತೆ ಕೈ ಹಿಂದೆಗೆದರು. ಮುದುಕಿ ಬೊಚ್ಚುಬಾಯಿ ತೆರೆದು ನಕ್ಕಳು, ಸುತ್ತಲಿದ್ದವರೂ ನಕ್ಕರು.

ಕರಿಬಟ್ಟೆಯೊಳಗೆ ಮತ್ತೆ ತಲೆ ಹಾಕಿ, ಸೋತ ದನಿಯಲ್ಲಿ ಅವರು ಕನ್ನಡದಲ್ಲೇ ಬೇಡಿದರು: "ಅಲ್ಲಾಡ್‌ಬ್ಯಾಡ್ರಪ್ಪಾ, ಒಂದ್ ಚಣ ನಿಂತ್ಕಳ್ರಪ್ಪಾ, ನಿಮ್ ದಮ್ಮಯ್ಯ!"

"ಅವ್ರಿಗೇನ್ ತಿಳೀತದೆ ಅಯ್ನೋರೇ ನಿಮ್ ಮಾತು?" ಎಂದಿತು ಹಿಂದಿನಿಂದ ಒಂದು ಹೆಣ್ಣುದನಿ.

ಬಟ್ಟೆ ಸರಿಸಿ ತಿರುಗಿ ನೋಡಿದರು. ಸುಣ್ಣ ಮೆತ್ತಿದ ಕೈ, ಕಂಕುಳಲ್ಲಿ ಬುಟ್ಟಿ, ಪಕ್ಕದಲ್ಲಿ ನಾಲ್ಕೈದು ವರ್ಷದ ಹೆಣ್ಣುಮಗು. ಮಂಟಪ ರಿಪೇರಿಯ ಗಾರೆ ಹೊರುವ ಕೂಲಿಯವಳು.

"ಯಾವೂರಮ್ಮ ನಿಂದು?"

"ಪಾವಗಡದ ತಾವ ಎರ್ರಗುಂಟೆ. ನಿಮ್ದು?"

"ಕೊಡಿಗೇನಳ್ಳಿ."

"ಅಯ್ಯೋ ದೇವ್ರೇ! ಕೊಡಿಗೇನಳ್ಳಿ ಸಂತೇಗೆ ನಮ್ ನಾಯ್ನ ಕುರಿ ಹೊಡ್ಕಂಡ್ ಬತ್ತಿದ್ದ. ನಾನೂ ಅವ್ನ ಹಿಂದೆ ಬಂದು ಬಳೆ ತೊಟ್ಕಂಡ್ ಹೋಗಿವ್ನಿ."

ಆಕೆ ಕಂಕುಳ ಬುಟ್ಟಿ ಕೆಳಗಿಳಿಸಿದಳು. ಆಮೇಲೆ ಆಕೆ ತನ್ನ ಕತೆ ಹೇಳಿದಳು. ಹೆಸರು ಆಂಜಿನಮ್ಮ. ಗಂಡ ಕದರಪ್ಪ ಕಲ್ಲು ಕೆಲಸದವನು. ಕಂಟ್ರಾಕ್ಟರನೊಬ್ಬನ ಜೊತೆ ಬರ್ಮಾಕ್ಕೆ ಹೊರಟಾಗ ಅವಳು ನಾಯ್ನ ಎನ್ನುತ್ತಿದ್ದ ತಂದೆ ಪಾಲಪ್ಪ ಬೇಡ ಎಂದಿದ್ದ. ಇಬ್ಬರೂ ಹೇಳದೆ ಬಂದಿದ್ದರು. ಎಂಟು ವರ್ಷವಾಯಿತು. ಎರಡು ವರ್ಷದ ಹಿಂದೆ ಕದರಪ್ಪ ಬಿದಿರಿನ ಅಟ್ಟಣೆಯಿಂದ ಬಿದ್ದು ಸತ್ತ.

"ಊರಿಗೆ ಹೋಗ್ಬಾರ್ದಾಗಿತ್ತಾ ತಾಯಿ?"

"ಯಾವ್ ಮುಖ ಇಟ್ಕಂಡ್ ಹೋಗ್ಲಿ ಅಯ್ನೋರೇ?" ಎಂದು ಆಕೆ ಮಗುವಿನ ತಲೆ ಸವರಿದಳು. "ನಂದು, ಈ ಮಗೀದು ಒಂದು ಪಟ ತೆಗ್ದು ಅಮ್ಮಂಗೆ ತಲುಪಿಸ್ತೀರಾ? ಅಂಚೇಲಿ ಬ್ಯಾಡ, ಓದೋರು ಯಾರವ್ರೆ ನಮ್ಮೂರಾಗೆ. ನೀವೇ ಹೋದಾಗ ಕೈಯಾರೆ ಕೊಡಿ."

ಚನ್ನಮಲ್ಲಯ್ಯ ಕ್ಯಾಮೆರಾದ ಕಣ್ಣಿಗೆ ಮುಚ್ಚಳ ಹಾಕಿದರು. "ಪಟ ತೆಗ್ಸಿದ್ರೆ ಆಯುಸ್ಸು ಕಮ್ಮಿ ಅಂತಾರಮ್ಮ ನಮ್ಮ ಕಡೆ."

"ಇಲ್ಲಿ ದಿನಾ ನೂರ್ ಜನ ತೆಗ್ಸ್ಕಂತಾರೆ. ಯಾರ್ ಸತ್ರು?"

ಕೊನೆಯ ಒಂದು ಪ್ಲೇಟನ್ನು ಅವರು ಆಂಜಿನಮ್ಮನಿಗೆಂದು ಎತ್ತಿಟ್ಟರು. ಆಕೆ ಕೈ ಮುಖ ತೊಳೆದು ಬಂದಳು, ಬುಟ್ಟಿಯನ್ನು ಕಂಬದ ಮರೆಗೆ ಇಟ್ಟಳು, ಯಾರೋ ಕೊಟ್ಟ ಮಲ್ಲಿಗೆ ಮುಡಿದಳು. "ಹಿಂದ್ಗಡೆ ಚಿನ್ನದ ಗುಡಿ ಬರ್ಲಿ. ಒಳ್ಳೆ ಜಾಗದಾಗಿದೀನಿ ಅಂತ ಅಮ್ಮಂಗೆ ತಿಳೀಲಿ" ಎಂದು ಮಗುವಿನ ಕೈ ಹಿಡಿದು ನಿಂತಳು. ಹಿಂದೆ ಜನ ಹರಿಯುತ್ತಲೇ ಇದ್ದರು. ಇವರಿಬ್ಬರು ಮಾತ್ರ, ಕೇಳಿದಷ್ಟು ಹೊತ್ತು, ಉಸಿರು ಬಿಗಿಹಿಡಿದು ನಿಂತರು.

ಸ್ಟುಡಿಯೋ ಕೆಲಸಕ್ಕೆ ಅವರು ಒಪ್ಪಿಕೊಂಡಿದ್ದ ಎರಡು ವರ್ಷ ಮುಗಿದಾಗ ದೊರೆ ಇನ್ನೂ ಇರು ಎಂದ. ಚನ್ನಮಲ್ಲಯ್ಯ ಒಪ್ಪಲಿಲ್ಲ. ಮರಳಿ ಮಧುಗಿರಿಗೆ ಬಂದ ವಾರದಲ್ಲೇ ಪಟವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಪಾವಗಡದ ಮೋಟಾರು ಹತ್ತಿದರು. ಅಲ್ಲಿಂದ ಎರಡು ಹರದಾರಿ ನಡಿಗೆ. ಹಿಂದೊಮ್ಮೆ ಆ ಹಳ್ಳಿಯ ಗೌಡ ಸತ್ತಾಗ ಅವರು ಹೋಗಿದ್ದುಂಟು. ಅದನ್ನು ಅವರು ಮರೆತಿದ್ದರು, ಊರು ಮರೆತಿರಲಿಲ್ಲ. ಪಾಲಪ್ಪನ ಮನೆ ಯಾವುದು ಎಂದು ಕೇಳಿದ ಕೂಡಲೇ ಬಾವಿಯ ಹತ್ತಿರದ ಹೆಂಗಸರು ಕೊಡ ಕೆಳಗಿಟ್ಟರು.

ಬಾಗಿಲಲ್ಲಿ ಪಾಲಪ್ಪನ ಹೆಂಡತಿ ನರಸಕ್ಕ ನಿಂತಿದ್ದಳು. ಅವರು ಬಾಯಿ ತೆರೆಯುವ ಮೊದಲೇ, "ಯಾರ್ದು ಅಯ್ನೋರೇ?" ಎಂದಳು. ಅವರು ಪಟಕ್ಕೆ ಸುತ್ತಿದ್ದ ಬಟ್ಟೆ ಬಿಚ್ಚಿದರು. ನರಸಕ್ಕ ಒಂದು ಸಲ ನೋಡಿದಳು. ಅಲ್ಲೇ ಹೊಸ್ತಿಲ ಮೇಲೆ ಕುಸಿದು ಎದೆ ಬಡಿದುಕೊಂಡು ಅಳತೊಡಗಿದಳು.

"ಅಳಬ್ಯಾಡಮ್ಮ! ಬದುಕವ್ಳೆ, ಚೆನ್ನಾಗವ್ಳೆ. ನಾನೇ ಕಣ್ಣಾರೆ ಕಂಡು ಮಾತಾಡಿಸ್ಕಂಡು ಬಂದಿದೀನಿ" ಎಂದರು ಚನ್ನಮಲ್ಲಯ್ಯ.

ಕೇಳಿಸಿಕೊಂಡವರಾರು? ಮನೆಯ ಮುಂದೆ ಊರು ಸೇರಿತು. ಪಾಲಪ್ಪ ಪಟವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. "ನಮಗ್ ನೋವಾಗ್ಬಾರ್ದು ಅಂತ ಅಂಗಂತೀರ, ತಿಳೀತದೆ ಬುಡಿ" ಎಂದ. "ಬದುಕಿರೋರ ಪಟ ನೀವ್ ಯಾವತ್ ತೆಗ್ದಿದೀರಾ? ಹಿಂದ್ಗಡೆ ನೋಡಿ, ಈ ಚಿನ್ನದ ಗೋಪ್ರ ಈ ಲೋಕದ್ದಾ? ಅಷ್ಟ್ ಜನ ಅವ್ರೆ, ಒಬ್ರಿಗೂ ಮುಖ ಇಲ್ಲ. ಹೊಗೆ ಇದ್ದಂಗವ್ರೆ."

"ಅದು ಬುದ್ಧನ ಗುಡಿ ಪಾಲಪ್ಪ. ಅವ್ರೆಲ್ಲ ಅಲ್ಲಾಡ್ಬುಟ್ರು, ಅದ್ಕೇ ಅಂಗೆ."

ಪಾಲಪ್ಪ ತಲೆಯಾಡಿಸಿದ. ಯಾರೋ ಪಟಕ್ಕೆ ಕುಂಕುಮ ಹಚ್ಚಿದರು, ಹೂವಿಟ್ಟರು, ದೀಪ ಹಚ್ಚಿದರು. ಬದುಕಿದ್ದವಳ ಹೆಸರು ಹಿಡಿದು ಅಳುವವರ ನಡುವೆ ಚನ್ನಮಲ್ಲಯ್ಯ ಕಂಬಕ್ಕೊರಗಿ ಕೂತರು. ತಮ್ಮ ಕೈ ಮುಟ್ಟಿದ್ದೆಲ್ಲ ಸಾವಾಗಿಯೇ ಕಾಣುತ್ತದೆಯೆಂಬ ಮಾತು ಅಂದು ಅವರಿಗೆ ಪೂರ್ತಿ ಅರ್ಥವಾಯಿತು.

ಎದ್ದು ಹೊರಟಾಗ ಆಂಜಿನಮ್ಮನ ತಂಗಿ ಜಯಕ್ಕ ದಾರಿಗೆ ಅಡ್ಡ ಬಂದಳು. ಹದಿನೆಂಟರ ಹುಡುಗಿ, ಅತ್ತು ಕಣ್ಣು ಊದಿತ್ತು. "ಅಯ್ನೋರೇ, ನಿಜ ಹೇಳಿ. ಅಕ್ಕ ಬದುಕವ್ಳಾ?"

"ಲಿಂಗದಾಣೆ ಬದುಕವ್ಳೆ ಕಣಮ್ಮ. ಮಗೀಗೆ ನಿಮ್ಮಮ್ಮನ್ ಹೆಸ್ರೇ ಇಟ್ಟವ್ಳೆ."

"ಅಂಗಾದ್ರೆ ನಂದೊಂದು ಪಟ ತೆಗೀರಿ. ನಾನ್ ಸಾಯ್ತೀನಾ ಇರ್ತೀನಾ ಇವ್ರೆಲ್ಲ ನೋಡ್ಲಿ."

ಪಾಲಪ್ಪ ಕೂಗಾಡಿದ. ನರಸಕ್ಕ ಮಗಳ ಕಾಲಿಗೆ ಬೀಳಲು ಹೋದಳು. ಜಯಕ್ಕ ಜಗ್ಗಲಿಲ್ಲ. ಒಂದು ವಾರದ ಮೇಲೆ ಚನ್ನಮಲ್ಲಯ್ಯ ಕ್ಯಾಮೆರಾ ಹೊತ್ತು ಬಂದಾಗ, ಮನೆಯವರು ಒಳಗೆ ಬಾಗಿಲು ಹಾಕಿಕೊಂಡಿದ್ದರೂ ಅವಳು ತಲೆ ಬಾಚಿಕೊಂಡು ಮಣ್ಣಿನ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ಚನ್ನಮಲ್ಲಯ್ಯ ಕರಿಬಟ್ಟೆಯೊಳಗೆ ತಲೆಯಿಟ್ಟು ಪಟ ತೆಗೆದರು.

ಪಟ ತೊಳೆದು, ಒಣಗಿಸಿ, ಅಚ್ಚು ತೆಗೆದು ಮರಳಿ ಹೋಗಲು ಹತ್ತು ದಿನ ಹಿಡಿಯಿತು. ಆ ಹತ್ತು ದಿನ ಚನ್ನಮಲ್ಲಯ್ಯನವರಿಗೆ ಅನ್ನ ಸೇರಲಿಲ್ಲ. ಹುಡುಗಿಗೆ ಒಂದು ನೆಗಡಿ ಬಂದರೂ ಸಾಕು, ಊರು ಏನೆಂದುಕೊಳ್ಳುವುದೆಂದು ಗೊತ್ತಿತ್ತು. ಎರ್ರಗುಂಟೆಯ ದಿಬ್ಬ ಏರುವಾಗ ಅಳುವೇನಾದರೂ ಕೇಳಿಸೀತೇ ಎಂದು ನಿಂತು ನಿಂತು ಆಲಿಸಿದರು. ಬಾವಿಯ ಕಡೆಯಿಂದ ರಾಟೆಯ ಕಿರುಗುಟ್ಟುವ ಸದ್ದು ಬರುತ್ತಿತ್ತು. ಹಗ್ಗ ಎಳೆಯುತ್ತಿದ್ದವಳು ಜಯಕ್ಕ.

"ಅಯ್ನೋರೇ, ಬಂದ್ರಾ!" ಎಂದು ಅವಳು ಹಗ್ಗವನ್ನು ಹಾಗೇ ಬಿಟ್ಟು ಓಡಿಬಂದಳು. ಪಟ ಕಿತ್ತುಕೊಂಡು ಮನೆಯೊಳಗೆ ನುಗ್ಗಿ, ಅದನ್ನು ಕೆನ್ನೆಯ ಪಕ್ಕದಲ್ಲಿ ಹಿಡಿದು ನಿಂತಳು. "ನೋಡಮ್ಮ. ಇದು ನಾನು, ಇದೂ ನಾನೇ. ಸತ್ತಿದೀನಾ?"

ನರಸಕ್ಕ ಮಗಳ ಮುಖ ಮುಟ್ಟಿದಳು, ಪಟ ಮುಟ್ಟಿದಳು, ಮತ್ತೆ ಮುಖ ಮುಟ್ಟಿದಳು. ಆಮೇಲೆ ಗೋಡೆಯ ಹತ್ತಿರ ಹೋಗಿ, ಆಂಜಿನಮ್ಮನ ಪಟದ ಮೇಲಿನ ಬಾಡಿದ ಹೂವು ತೆಗೆದು, ಸೆರಗಿನ ತುದಿಯಿಂದ ಕುಂಕುಮವನ್ನು ಒರೆಸಿದಳು. ಮೊಮ್ಮಗಳ ಮುಖದ ಮೇಲಿದ್ದ ಕಲೆ ಹೋಗಲಿಲ್ಲ. ಎಂಜಲು ಹಚ್ಚಿ ಮೆಲ್ಲಗೆ ಉಜ್ಜುತ್ತ ಕೂತಳು.

ಪಾಲಪ್ಪ ಹೊರಗೆ ಹೋಗಿ ಬೇಲಿಯ ಹತ್ತಿರ ನಿಂತಿದ್ದ. ಒಳಗೆ ಬಂದವನು ಯಾರ ಮುಖವನ್ನೂ ನೋಡದೆ, "ನಮ್ದೂ ಒಂದ್ ತೆಗೀರಿ ಅಯ್ನೋರೇ. ಅವ್ಳಿಗ್ ಕಳ್ಸಾನ. ನಾಯ್ನ ಸಿಟ್ಟು ಬುಟ್ಟವ್ನೆ ಅಂತ ಬರೀರಿ" ಎಂದ.

ತಂದೆ, ತಾಯಿ, ತಂಗಿ ಮೂವರ ಪಟವನ್ನು ಚನ್ನಮಲ್ಲಯ್ಯ ರಂಗೂನಿನ ಸ್ಟುಡಿಯೋಗೆ ಕಳಿಸಿ, ಆಂಜಿನಮ್ಮನ ಕೈಗೆ ಕೊಡಿಸಬೇಕೆಂದು ಬರೆದರು. ಐದು ತಿಂಗಳ ಮೇಲೆ ಲಕೋಟೆ ಹಿಂದಕ್ಕೆ ಬಂತು. ಗಾರೆ ಕೆಲಸದ ಗುಂಪು ಅಲ್ಲಿಲ್ಲ, ಎಲ್ಲಿಗೆ ಹೋಯಿತೆಂದು ತಿಳಿಯದು ಎಂದು ಒಂದು ಸಾಲು. ಬದುಕಿದ್ದಾಳೆ ಎಂದು ಆಣೆ ಹಾಕಿ ಬಂದವರು ಲಕೋಟೆಯನ್ನು ಪೆಟ್ಟಿಗೆಯ ತಳದಲ್ಲಿ ಬಚ್ಚಿಟ್ಟರು. ಒಂದು ತಿಂಗಳ ಮೇಲೆ ತಾಳಲಾರದೆ ಅದನ್ನು ಹಿಡಿದು ಹೋಗಿ ನರಸಕ್ಕನಿಗೆ ಇದ್ದದ್ದು ಇದ್ದ ಹಾಗೆ ಹೇಳಿದರು.

ನರಸಕ್ಕ ಅಳಲಿಲ್ಲ. "ಸತ್ತೋರ್ ಎಲ್ಲಿಗ್ ಹೋಗ್ತಾರೆ ಅಯ್ನೋರೇ? ಬದುಕಿರೋರೇ ತಾನೆ ಕೂಲಿ ಹುಡುಕ್ಕಂಡ್ ಊರೂರ್ ಅಲೆಯೋದು" ಎಂದು, ಹಿಂದೆ ಬಂದ ಲಕೋಟೆಯನ್ನು ಅವರ ಕೈಯಿಂದ ತೆಗೆದುಕೊಂಡು ಕಾಳಿನ ಮಡಕೆಯಲ್ಲಿಟ್ಟಳು.

ಆಮೇಲೆ ಒಬ್ಬೊಬ್ಬರು ಬದುಕಿರುವಾಗಲೇ ಪಟ ತೆಗೆಸಲು ಬಂದರು. ಎರ್ರಗುಂಟೆಯಿಂದಲೇ ಮೊದಲು. ಆದರೆ ಐವತ್ತು ಮೈಲಿಗೆಲ್ಲ ಹಬ್ಬಿದ ಹೆಸರು ಅಷ್ಟು ಸುಲಭವಾಗಿ ಅಳಿಯಲಿಲ್ಲ. ಮಧುಗಿರಿ ಪೇಟೆಯಲ್ಲಿ ಹೊಸ ಸ್ಟುಡಿಯೋ ಬಂದಾಗ ಮದುವೆಯವರೆಲ್ಲ ಅತ್ತ ಹೋದರು. ಚನ್ನಮಲ್ಲಯ್ಯ ವರ್ಷಕ್ಕೊಮ್ಮೆ ಎರ್ರಗುಂಟೆಗೆ ಹೋಗಿ, ಸುದ್ದಿಯಿಲ್ಲ ಎಂದು ಹೇಳಿ, ಒಂದು ಲೋಟ ಹಾಲು ಕುಡಿದು ಬರುತ್ತಿದ್ದರು. ಪಾಲಪ್ಪ ತೀರಿಕೊಂಡ. ಅವನ ಹಿಂದೆ ನರಸಕ್ಕನೂ ಹೋದಳು.

ಜಪಾನಿನವರು ರಂಗೂನಿನ ಮೇಲೆ ಬಾಂಬು ಹಾಕಿದ ಮೇಲೆ, ಸಾವಿರದ ಒಂಬೈನೂರ ನಲವತ್ತೆರಡರಲ್ಲಿ, ಬರ್ಮಾದಿಂದ ಜನ ತಪ್ಪಿಸಿಕೊಂಡು ರೈಲಿನಲ್ಲಿ ಬರುತ್ತಿದ್ದಾರೆಂದು ಪೇಟೆಯಲ್ಲಿ ಸುದ್ದಿಯಾಯಿತು. ಐವತ್ತು ದಾಟಿದ್ದ ಚನ್ನಮಲ್ಲಯ್ಯ ಹಿಂದೂಪುರದ ಸ್ಟೇಷನ್ನಿಗೆ ಹೋಗಿ, ಬಂದ ಪ್ರತಿ ರೈಲಿನ ಮುಂದೆ ಆಂಜಿನಮ್ಮನ ಪಟದ ಇನ್ನೊಂದು ಪ್ರತಿ ಹಿಡಿದು ನಿಂತರು. ಎಂಟು ದಿನ. ಒಂಬತ್ತನೆಯ ದಿನ, ಕಾಲಿಗೆ ಚಿಂದಿ ಸುತ್ತಿಕೊಂಡಿದ್ದ ಅನಂತಪುರದ ಕಡೆಯ ಮೇಸ್ತ್ರಿಯೊಬ್ಬ ಪಟ ನೋಡಿ ನಿಂತ.

"ಆಂಜಿನಮ್ಮ ಕಾದಾ ಇದಿ, ಅವ್ಳೇ ಅಲ್ವಾ! ಬರ್ಮಾದ ಮೌಲ್ಮೇನ್‌ನಾಗೆ ಇಡ್ಲಿ ಅಂಗ್ಡಿ ಇಟ್ಟಿದ್ಲಲ್ಲ ಸಾಮಿ. ಮಗಳ್ಗೆ ಮದ್ವೆನೂ ಮಾಡಿದ್ಲು."

"ಈಗ ಎಲ್ಲವ್ಳೆ?"

"ತೆಲೀದು ಸಾಮಿ. ಬಾಂಬ್ ಬಿದ್ದಾಗ ಎಲ್ಲಾರೂ ಒಂದೊಂದ್ ದಿಕ್ಕು. ಹೋದ ದೀಪಾವಳೀಲಿ ಕಂಡಿದ್ದೆ, ಚೆನ್ನಾಗಿದ್ಲು."

ಅಷ್ಟೇ ಸಿಕ್ಕಿದ್ದು. ಅದನ್ನು ಹಿಡಿದುಕೊಂಡು ಅವರು ಎರ್ರಗುಂಟೆಗೆ ನಡೆದರು. ಜಯಕ್ಕನ ಗಂಡ ಮನೆಯಳಿಯನಾಗಿ ಬಂದವನು; ನಾಲ್ಕು ಮಕ್ಕಳ ತಾಯಿಯಾಗಿ ಅವಳು ಅದೇ ಮನೆಯಲ್ಲಿದ್ದಳು. ಹೇಳಿದ್ದನ್ನೆಲ್ಲ ಕೇಳಿ ಮೊದಲು ನಕ್ಕಳು. "ಇಡ್ಲಿ ಅಂಗ್ಡಿನಾ? ಅವ್ಳಿಗೆ ಮುದ್ದೆ ಕಟ್ಟಾಕೂ ನೆಟ್ಟಗೆ ಬತ್ತಿರ್ಲಿಲ್ಲ ಅಯ್ನೋರೇ" ಎಂದಳು. ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಅಮ್ಮ ಇರ್ಬೇಕಾಗಿತ್ತು" ಎಂದಳು.

ಹೊರಡುವಾಗ, "ಮುಂದಿನ ವರ್ಷ ಬತ್ತೀರಲ್ಲಾ?" ಎಂದು ಕೇಳಿದಳು.

"ಇನ್ನೇನ್ ಹೇಳಾಕೆ ಬರ್ಲಮ್ಮ?"

"ಏನೂ ಹೇಳಾಕಲ್ಲ. ಸುಮ್ನೆ ಬನ್ನಿ."

ಚನ್ನಮಲ್ಲಯ್ಯ ಮುಂದಿನ ಮೂರು ವರ್ಷವೂ ಹೋಗಿಬಂದರು. ನಾಲ್ಕನೆಯ ವರ್ಷ ಮಂಡಿನೋವು ಬಿಗಿಹಿಡಿದು, ಪಾವಗಡದಲ್ಲಿ ಮೋಟಾರಿನಿಂದಿಳಿದವರಿಗೆ ಮುಂದೆ ಎರಡು ಹರದಾರಿ ನಡೆಯಲಾಗಲಿಲ್ಲ. ಆ ಕಡೆ ಹೋಗುವ ಗಾಡಿ ಯಾವುದೂ ಸಿಗಲಿಲ್ಲ. ರಸ್ತೆಬದಿಯ ಕಟ್ಟೆಯ ಮೇಲೆ ಮಧ್ಯಾಹ್ನದವರೆಗೂ ಕೂತಿದ್ದು, ಮಧುಗಿರಿಯ ಮೋಟಾರು ಬಂದಾಗ ಎದ್ದು ಹತ್ತಿದರು.